ಒಳಕೋಣೆಗೊಂದು ಹಳೆಯ ರೂಟರ್

ಮಧ್ಯಾಹ್ನ ಒಂದೂವರೆಗೆ ಫೋನಿನ ಪರದೆಯ ಮೇಲೆ ಮೂರನೆಯ ಸಲ ಅದೇ ವಾಕ್ಯ ಬಂತು: ಹತ್ತಿರದಲ್ಲಿ ಯಾವ ನೋಡ್ ಕೂಡ ಸಿಗಲಿಲ್ಲ. ನಾಲ್ಕಕ್ಕೆ ಮಾವನ ಮಾತಿನ ಪಾಠವಿತ್ತು.

ಸೊಸೆ ಕನ್ನಡಿ ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು. ಅಂದು ಅಂಗಡಿಗೆ ರಜೆ. ಶಟರ್ ಅರ್ಧ ಇಳಿದಿತ್ತು, ಗಾಜಿನ ಅಂಚು ಉಜ್ಜುವ ಯಂತ್ರ ಸುಮ್ಮನಿತ್ತು, ಕೆಲಸಗಾರರು ಬಂದಿರಲಿಲ್ಲ. ಅವಳ ಮುಂದೆ ಎರಡು ರೂಟರ್‌ಗಳಿದ್ದವು. ಒಂದು ಹೋದ ವರ್ಷ ಕೊಂಡದ್ದು, ಬೆಳ್ಳಗೆ ನುಣ್ಣಗೆ, ಹೂದಾನಿಯಂತಿತ್ತು. ಇನ್ನೊಂದು ಅದೇ ಕಂಪನಿಯ ಹಳೆಯದು. ವರ್ಷಗಟ್ಟಲೆ ದುಡಿದು, ಕೊನೆಗೆ ಅಟ್ಟ ಸೇರಿತ್ತು. ಅದರ ಮೂರು ಕೊಂಬುಗಳಲ್ಲಿ ಒಂದಕ್ಕೆ ಟೇಪು ಸುತ್ತಿತ್ತು. ಹೊಸದನ್ನು ಮುಂದಿನ ಅಂಗಡಿಯಲ್ಲಿಟ್ಟು ಹಳೆಯದನ್ನು ಮನೆಯೊಳಗೆ ಎಲ್ಲಾದರೂ ಇಟ್ಟರೆ, ಹಳೆಯದು ಹೊಸದರ ಸಿಗ್ನಲ್ ಹಿಡಿದು ಹಿಂದಿನ ಕೋಣೆಗೆ ದಾಟಿಸುತ್ತದೆ. ಎರಡೂ ಸೇರಿ ಒಂದೇ ಜಾಲ, ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಇಂಥ ಜಾಲಕ್ಕೆ ಮೆಶ್ ಎಂದು ಹೆಸರು, ಅದಕ್ಕೆ ಸೇರಿಕೊಳ್ಳುವ ಪೆಟ್ಟಿಗೆಯನ್ನೇ ನೋಡ್ ಎನ್ನುವುದು. ಅಟ್ಟದ ಮೇಲಿನ ಮಾದರಿಯೂ ಹೀಗೆ ಸೇರಬಲ್ಲದು ಎಂದು ಕಂಪನಿಯ ಪುಟದಲ್ಲಿ ಬರೆದಿತ್ತು. ಸೊಸೆ ಅದನ್ನು ಎರಡೆರಡು ಸಲ ಓದಿ ಖಾತ್ರಿ ಮಾಡಿಕೊಂಡ ಮೇಲೆಯೇ ಅಟ್ಟ ಹತ್ತಿದ್ದಳು.

"ಏನಂತೆ ಅದರದ್ದು?" ಅತ್ತೆ ನಡುಮನೆಯ ಬಾಗಿಲಲ್ಲಿ ನಿಂತು ಕೇಳಿದರು.

"ಹಳೇದು ಇಲ್ಲಿ ಇಲ್ಲವೇ ಇಲ್ಲ ಅಂತಿದೆ ಅತ್ತೆ."

"ಕಣ್ಣೆದುರಿಗೆ ದೀಪ ಹಚ್ಕೊಂಡು ಕೂತಿದೆಯಲ್ಲೇ, ಇಲ್ಲ ಅಂದ್ರೇನು?"

"ನಮ್ಮ ಕಣ್ಣಿಗೆ ಕಾಣುತ್ತೆ. ಹೊಸದರ ಕಣ್ಣಿಗೆ ಕಾಣಲ್ಲ."

"ಹೊಸದು ಬಂದ್ಮೇಲೆ ಹಳೇದು ಯಾರ ಕಣ್ಣಿಗೆ ಬೀಳುತ್ತೆ ಬಿಡು" ಎಂದು ಅತ್ತೆ ಮಗನ ಕಡೆ ನೋಡಿದರು. ಮಗ ಕೆಲಸದ ಮೇಜಿನ ಮೇಲೆ ಕುಳಿತು ಕಾಲಾಡಿಸುತ್ತಿದ್ದವನು, ಈ ಮಾತು ತನಗಲ್ಲ ಎಂಬಂತೆ ಬೆರಳಿನ ಪ್ಲಾಸ್ಟರ್ ಕೆರೆದುಕೊಂಡ.

"ಯಾಕಿಷ್ಟು ಒದ್ದಾಟ?" ಎಂದ ಅವನು ಹೆಂಡತಿಗೆ. "ಇವತ್ತು ಯಂತ್ರ ಇಲ್ಲ, ಗಿರಾಕಿ ಇಲ್ಲ. ಶಟರ್ ಪೂರ್ತಿ ಎಳೀತೀನಿ. ಅಪ್ಪ ಇಲ್ಲೇ ಕೂತು ಪಾಠ ಮುಗಿಸ್ಲಿ."

"ನೀವೇ ಹೋಗಿ ಹೇಳಿ ನೋಡೋಣ."

ಅವನು ಒಳಗೆ ಹೋದ. ಒಂದು ನಿಮಿಷವೂ ಆಗಿರಲಿಲ್ಲ, ಹಿಂದಿನ ಕೋಣೆಯಿಂದ "ಅದೇ!" ಎಂಬ ಒಂದು ಶಬ್ದ ಬಾಗಿಲು ಬಡಿದಂತೆ ಕೇಳಿಸಿತು. ಗಂಡ ಮುಖ ಸಣ್ಣದು ಮಾಡಿಕೊಂಡು ವಾಪಸಾದ.

"ಬರಲ್ಲ ಅಂತೆ."

"ಅಷ್ಟೇನಾ ಅಂದಿದ್ದು?"

"ಇನ್ನೂ ಇತ್ತು. ಉಳಿದದ್ದು ಕಣ್ಣಲ್ಲಿ ಅಂದ್ರು."

ಹೋದ ವರ್ಷದ ಕೊನೆಗೆ ಮಾವನಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗಾಲು ಹೆಚ್ಚುಕಡಿಮೆ ಸುಧಾರಿಸಿತು, ಬಲಗೈ ಅರ್ಧ ಸುಧಾರಿಸಿತು, ಮಾತು ಮಾತ್ರ ಹೋದದ್ದು ಹೋಯಿತು. ಯಾರು ಏನೇ ಹೇಳಿದರೂ ಅವರಿಗೆ ಅರ್ಥವಾಗುತ್ತಿತ್ತು. ತಿರುಗಿ ಹೇಳಬೇಕೆಂದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಪದ: ಅದೇ. ಹಸಿವಾದರೂ ಅದೇ, ಸಿಟ್ಟು ಬಂದರೂ ಅದೇ, ಮೊಮ್ಮಗಳು ಬೇರೆ ಊರಿನಿಂದ ಫೋನು ಮಾಡಿದರೂ ಅದೇ. ಮನೆಯವರು ಅದರ ಏರಿಳಿತ ಹಿಡಿದು ಅರ್ಥ ಮಾಡಿಕೊಳ್ಳುವುದನ್ನು ಕಲಿತಿದ್ದರು. ನಲವತ್ತು ವರ್ಷ ಕನ್ನಡಿ ಕೊಯ್ದ ಈ ಮನುಷ್ಯನನ್ನು ಬೀದಿಯವರು ಕರೆಯುತ್ತಿದ್ದದ್ದೇ ಮೈಕು ಎಂದು. ಅಂಗಡಿಯೊಳಗಿಂದ ಅವರು ಒಮ್ಮೆ ಕೂಗಿದರೆ ತಿರುವಿನಲ್ಲಿ ಚಹಾ ಕುಡಿಯುವವರು ಲೋಟ ಹಿಡಿದು ತಿರುಗುತ್ತಿದ್ದರು.

ಮಾತು ಕಲಿಸುವ ಮೇಡಂ ವಾರಕ್ಕೊಮ್ಮೆ ವಿಡಿಯೋದಲ್ಲಿ ಬರುತ್ತಿದ್ದರು. ಮೊದಲ ಪಾಠ ಮಾವನ ಕೋಣೆಯಲ್ಲೇ ಆಯಿತು. ಆ ಕೋಣೆಗೆ ಅಂಗಡಿಯ ವೈಫೈ ತಲುಪುವುದಿಲ್ಲ; ಫೋನಿನ ನೆಟ್ ಕಿಟಕಿಯ ಬಳಿ ಒಂದು ಗೆರೆ ತೋರಿಸಿ ಮಾಯವಾಗುತ್ತದೆ. ಮೇಡಂ ಬಾಯಿ ತೆರೆದವರು ತೆರೆದಂತೆಯೇ ನಿಂತುಬಿಡುತ್ತಿದ್ದರು, ಅವರ ಮಾತು ತುಂಡು ತುಂಡಾಗಿ ಬರುತ್ತಿತ್ತು. ಮಾವ ಗಾಬರಿಬಿದ್ದು ತಮ್ಮ ಕಿವಿ ಮುಟ್ಟಿಕೊಂಡು ಸೊಸೆಯ ಕಡೆ ನೋಡಿದ್ದರು. ಕೆಟ್ಟದ್ದು ನೆಟ್ ಅಲ್ಲ, ತಮ್ಮ ತಲೆಯೇ ಎಂದು ಅವರು ತಿಳಿದಿದ್ದರು.

ಹಾಗಾಗಿ ಎರಡನೆಯ ಪಾಠಕ್ಕೆ ಸೊಸೆಯೇ ಅವರನ್ನು ಅಂಗಡಿಗೆ ಕರೆದುಕೊಂಡು ಬಂದು ಕೂರಿಸಿದಳು. ಚಿತ್ರ ಕನ್ನಡಿಯಷ್ಟೇ ಸ್ವಚ್ಛವಾಗಿತ್ತು. ಮೇಡಂ ಚಮಚ ತೋರಿಸಿದರು. ಮಾವ ಕುತ್ತಿಗೆಯ ನರ ಉಬ್ಬಿಸಿ "ಚ... ಚ..." ಎನ್ನುವಾಗ ಹಳೆಯ ಗಿರಾಕಿಯೊಬ್ಬರು ಫ್ರೇಮು ಹಾಕಿಸಲು ಬಂದವರು ಹಿಂದೆ ನಿಂತು ಎಲ್ಲವನ್ನೂ ಕೇಳಿದರು. "ಅಯ್ಯೋ ಪಾಪ, ಮೈಕಿನ ಗತಿ ಹೀಗಾಗ್ಬಿಡ್ತಾ" ಎಂದರು. ಕುಹಕವಿರಲಿಲ್ಲ, ನಿಜವಾಗಿ ನೊಂದುಕೊಂಡೇ ಅಂದದ್ದು. ಮಾವ ಎಡಗೈಯಿಂದ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ಎದ್ದು ಹೋದರು. ಮುಂದಿನ ವಾರದ ಪಾಠಕ್ಕೆ ಕೋಣೆಯಿಂದ ಹೊರಗೇ ಬರಲಿಲ್ಲ.

ಮೇಡಂ ಒಳ್ಳೆಯವರು, ಆದರೆ ಸುತ್ತಿಬಳಸಿ ಮಾತಾಡುವವರಲ್ಲ. ಕಾಯುತ್ತಿರುವವರು ಬಹಳ ಮಂದಿ ಇದ್ದಾರೆ, ಈ ಸಲವೂ ತಪ್ಪಿದರೆ ಆ ವೇಳೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಮತ್ತೆ ಯಾವಾಗ ಸಿಗುತ್ತದೋ ಹೇಳಲಾರೆ ಎಂದಿದ್ದರು. ಇನ್ನೊಂದು ಮಾತನ್ನೂ ಹೇಳಿದ್ದರು: ಮೊದಲ ವರ್ಷ ಬಂದಷ್ಟು ಸುಲಭವಾಗಿ ಮಾತು ಆಮೇಲೆ ಬರುವುದಿಲ್ಲ. ಸೊಸೆ ಆ ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಕಂಪನಿಯ ಪುಟವನ್ನು ಮತ್ತೆ ಮೇಲಿನಿಂದ ಓದಿದಳು. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಹಳೆಯ ಮಾದರಿಗಳಲ್ಲಿ ಮೊದಲು ಹೊಸ ಸಾಫ್ಟ್‌ವೇರ್ ಹಾಕಿರಬೇಕು.

"ಇದು ಅಟ್ಟ ಸೇರಿದಾಗಿನಿಂದ ನಿದ್ದೆ ಮಾಡ್ತಿದೆ. ಮೆಶ್ ಅಂದ್ರೇನು ಅನ್ನೋದೇ ಇದಕ್ಕೆ ಗೊತ್ತಿಲ್ಲ" ಎಂದಳು. "ರೀ, ಒಂದು ಕೇಬಲ್ ಕೊಡಿ. ಒಂದು ಸೂಜೀನೂ ಬೇಕು."

"ಸೂಜಿ ಯಾಕೆ?"

"ಚುಚ್ಚಿ ಎಬ್ಬಿಸೋಕೆ."

ನಿಜವಾಗಿಯೂ ಅದಕ್ಕೇ. ಹಳೆಯ ರೂಟರ್‌ನ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಹಿಂಭಾಗದ ಸಣ್ಣ ತೂತಿಗೆ ಸೂಜಿ ತೂರಿಸಿ, ದೀಪಗಳೆಲ್ಲ ಆರಿ ಮತ್ತೆ ಮಿನುಗುವವರೆಗೆ ಒತ್ತಿ ಹಿಡಿದಳು. ಅಲ್ಲಿಗೆ ಅದು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿತು. ಕಾರ್ಖಾನೆಯ ಪಾಸ್‌ವರ್ಡ್ ಹೊಟ್ಟೆಯಡಿಯ ಚೀಟಿಯ ಮೇಲಿತ್ತು, ಅಟ್ಟದ ಧೂಳಿನಲ್ಲಿ ಅರ್ಧ ಅಳಿಸಿತ್ತು. ಸೊಸೆ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಲೆನ್ಸಿನ ಅಂಚಿನ ಸೂಕ್ಷ್ಮ ಗುರುತು ಓದುವ ಪುಟ್ಟ ಭೂತಗನ್ನಡಿ ಯಾವಾಗಲೂ ಅವಳ ಚೀಲದಲ್ಲಿರುತ್ತದೆ. ಅದನ್ನು ಕಣ್ಣಿಗೆ ಒತ್ತಿ ಒಂದೊಂದೇ ಅಕ್ಷರ ಹೇಳಿದಳು, ಗಂಡ ಲ್ಯಾಪ್‌ಟಾಪಿನಲ್ಲಿ ಒತ್ತಿದ. ಎರಡನೆಯ ಯತ್ನಕ್ಕೆ ರೂಟರ್ ಬಾಗಿಲು ತೆರೆಯಿತು.

ಕಂಪನಿಯ ಪುಟದಿಂದ ಹೊಸ ಸಾಫ್ಟ್‌ವೇರ್ ಇಳಿಸಿಕೊಂಡು, ಕೇಬಲ್ ಮೂಲಕ ಹಳೆಯದಕ್ಕೆ ಏರಿಸಲು ಕೊಟ್ಟಳು. ಮುಗಿಯುವವರೆಗೆ ವಿದ್ಯುತ್ ತೆಗೆಯಬೇಡಿ ಎಂದು ಪರದೆ ದಪ್ಪಕ್ಷರದಲ್ಲಿ ಎಚ್ಚರಿಸಿತು. ಪಟ್ಟಿ ತುಂಬುತ್ತಾ ಹೋಗಿ ಮುಕ್ಕಾಲಿಗೆ ನಿಂತಿತು.

ಅತ್ತೆಯ ಕೈ ತನ್ನಷ್ಟಕ್ಕೆ ತಾನೇ ಸ್ವಿಚ್ಚಿನ ಕಡೆ ಹೋಯಿತು.

"ಅತ್ತೇ!"

"ಬಿಸಿ ಆಗಿದೆಯಲ್ಲೇ ಪಾಪ. ಸ್ವಲ್ಪ ಹೊತ್ತು ತಣ್ಣಗಾಗ್ಲಿ ಅಂತ."

"ಈಗ ಆರಿಸಿದ್ರೆ ಶಾಶ್ವತವಾಗಿ ತಣ್ಣಗಾಗುತ್ತೆ."

ಅತ್ತೆ ಕೈ ಹಿಂದಕ್ಕೆಳೆದುಕೊಂಡು ಎರಡೂ ಕೈ ಕಟ್ಟಿ ಕುಳಿತರು. ನಂಬಲಾಗದ ಕೈಗಳನ್ನು ಕಾಯುವುದು ಹಾಗೆಯೇ ಎಂದು ಅವರಿಗೆ ಗೊತ್ತಿತ್ತು. ಪಟ್ಟಿ ಮತ್ತೆ ಚಲಿಸಿತು, ತುಂಬಿತು. ರೂಟರ್ ಒಮ್ಮೆ ಆರಿ ಹೊತ್ತಿಕೊಂಡಿತು. ಸೊಸೆ ಇನ್ನೊಮ್ಮೆ ಸೂಜಿ ಚುಚ್ಚಿ ರೀಸೆಟ್ ಮಾಡಿದಳು, ಹೊಸ ರೂಟರ್‌ನ ಮಗ್ಗುಲಿಗೇ ಇಟ್ಟಳು, ಫೋನಿನಲ್ಲಿ ಹುಡುಕು ಎಂದು ಒತ್ತಿದಳು. ಚಕ್ರ ಸುತ್ತಿತು. ಪರದೆಯ ಮೇಲೆ ಮೂರು ಕೊಂಬಿನ ಪೆಟ್ಟಿಗೆಯ ಚಿತ್ರ ಮೂಡಿತು. ಸೇರಿಸಲೇ ಎಂದು ಕೇಳಿತು.

"ಸೇರಿಸಿಕೊಳ್ಳಪ್ಪಾ, ನಮ್ಮನೇದೇ" ಎಂದ ಗಂಡ.

ಕೆಲವು ನಿಮಿಷಗಳಲ್ಲಿ ಹಳೆಯ ರೂಟರ್‌ನ ಕೆಂಪು ದೀಪ ಬಿಳಿಗೆ ತಿರುಗಿತು. ಸೊಸೆ ಉಸಿರು ಬಿಟ್ಟಳು. ಗಂಟೆ ಎರಡೂವರೆ. ಇನ್ನು ಒಳಗೊಯ್ದು ಇಟ್ಟರೆ ಮುಗಿಯಿತು, ಮಾವನಿಗೆ ಮುಖ ತೊಳೆದುಕೊಳ್ಳಲು ಕೂಡ ಹೊತ್ತು ಸಿಗುತ್ತದೆ ಎಂದುಕೊಂಡಳು.

ಮನೆ ಹೀಗಿತ್ತು: ಮುಂದೆ ಅಂಗಡಿ, ಅದರ ಹಿಂದೆ ನಡುಮನೆ, ನಡುಮನೆಯ ಹಿಂದೆ ಎಡಕ್ಕೆ ಅಡುಗೆಮನೆ, ಬಲಕ್ಕೆ ಮಾವನ ಕೋಣೆ. ಅಂಗಡಿಗೂ ನಡುಮನೆಗೂ ನಡುವೆ ಒಂದೇ ಇಟ್ಟಿಗೆ ದಪ್ಪದ ಗೋಡೆ, ಆ ಗೋಡೆಯ ಎಡತುದಿಯಲ್ಲಿ ಬಾಗಿಲು. ಮಾವನ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಇತ್ತು. ಸೊಸೆ ರೂಟರನ್ನು ಅಲ್ಲಿಟ್ಟು ಪ್ಲಗ್ ಚುಚ್ಚಿದಳು. ದೀಪ ಮಿನುಗಿತು, ಯೋಚಿಸಿತು, ಕೆಂಪಾಯಿತು.

"ದೂರ ಆಯ್ತೇನೋ" ಎಂದ ಗಂಡ.

"ಇದು ದೂರಾನಾ? ಇಲ್ಲಿಂದ ಕೆಮ್ಮಿದ್ರೆ ಅಂಗಡೀಲಿ ಕೇಳುತ್ತೆ."

ಫ್ರಿಜ್ಜಿನ ಮೇಲೆ ಏರಿಸಿದರು, ಕೆಂಪು. ಸ್ಟೂಲಿನ ಮೇಲಿಟ್ಟರು, ಕೆಂಪು. ಗಂಡ ಅದನ್ನು ತಲೆಯ ಮೇಲೆ ಹೊತ್ತು ನಿಂತ, ಅದಕ್ಕೂ ಕೆಂಪು. ಅಂಗಡಿಯ ಬಾಗಿಲಿನಲ್ಲಿ ನೆಲದ ಮೇಲಿಟ್ಟಾಗ ಮಾತ್ರ ಬಿಳಿಯಾಯಿತು. ಆದರೆ ಬಾಗಿಲಿನಲ್ಲಿಟ್ಟರೆ ಅಲ್ಲಿಂದ ಮಾವನ ಕೋಣೆಗೆ ಸಿಗ್ನಲ್ ತಲುಪುವುದಿಲ್ಲ. ನಡುವೆ ಫ್ರಿಜ್ಜು, ಕಬ್ಬಿಣದ ಬೀರು, ಮತ್ತೊಂದು ಗೋಡೆ. ಸೊಸೆ ಮಾವನ ಹಾಸಿಗೆಯ ಬಳಿ ನಿಂತು ಫೋನು ನೋಡಿದಳು. ಒಂದು ಗೆರೆ. ಮಾವ ಕುರ್ಚಿಯಲ್ಲಿ ಕುಳಿತು ಅವಳನ್ನೇ ನೋಡುತ್ತಿದ್ದರು. ಆಗಲೇ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಗುಂಡಿಗಳನ್ನು ಎಡಗೈಯಲ್ಲೇ ಹಾಕಿಕೊಂಡಿದ್ದರಿಂದ ಒಂದು ಮೇಲೆ ಕೆಳಗಾಗಿತ್ತು.

"ಅದೇ?" ಎಂದರು ಮೆಲ್ಲಗೆ. ಆಗಲ್ಲವೇ ಎಂದು ಅದರ ಅರ್ಥ.

"ಆಗುತ್ತೆ ಮಾವ. ಇನ್ನೇನು ಆಗೋಯ್ತು."

ಹೊರಗೆ ಬಂದವಳಿಗೆ ಅಳು ಬರುವಂತಾಯಿತು. ಗಂಟೆ ಮೂರು ದಾಟಿತ್ತು. ಗಂಡ ಗೋಡೆಗೆ ತೂತು ಕೊರೆದು ಕೇಬಲ್ ಎಳೆಯುತ್ತೇನೆ ಎಂದು ಶುರುಮಾಡಿದ. ಅಷ್ಟು ಉದ್ದದ ಕೇಬಲ್ ಮನೆಯಲ್ಲಿರಲಿಲ್ಲ. ಸೊಸೆ ಫೋನು ಹಿಡಿದು ನಡುಮನೆಯ ಉದ್ದಗಲ ನಡೆದಳು. ಬಾಗಿಲ ಎದುರಿಗೆ ಸಿಗ್ನಲ್ ಪೂರ್ತಿ ಇರುತ್ತಿತ್ತು. ಬಲಕ್ಕೆ ಎರಡು ಹೆಜ್ಜೆ ಇಟ್ಟರೆ ನೀರಿನ ನಲ್ಲಿ ತಿರುಗಿಸಿದಂತೆ ನಿಂತುಹೋಗುತ್ತಿತ್ತು. ಒಂದು ಇಟ್ಟಿಗೆಯ ಗೋಡೆಗೆ ಇಷ್ಟು ಶಕ್ತಿಯೇ?

"ಈ ಗೋಡೆಯೊಳಗೆ ಏನಿಟ್ಟು ಕಟ್ಟಿದ್ದೀರಿ ಅತ್ತೆ?"

"ನಿಮ್ಮ ಮಾವನ ಹಟ" ಎಂದರು ಅತ್ತೆ.

ಸೊಸೆ ಸೋತು ಗೋಡೆಗೆ ಬೆನ್ನು ಕೊಟ್ಟು ನೆಲಕ್ಕೆ ಜಾರಿದಳು. ಬೆನ್ನಿಗೆ ತಾಗಿದ ಹೊದಿಕೆಯೂ ಅವಳೊಡನೆ ಜಾರಿತು. ಅದು ಗೋಡೆಯಾಗಿರಲಿಲ್ಲ. ನೃತ್ಯಶಾಲೆಯೊಂದಕ್ಕೆಂದು ಮಾಡಿದ ಆಳೆತ್ತರದ ಆರು ಕನ್ನಡಿಗಳು. ಶಾಲೆ ತೆರೆಯುವ ಮೊದಲೇ ಮುಚ್ಚಿಹೋಗಿ ಯಾರೂ ಒಯ್ದಿರಲಿಲ್ಲ. ಅಂಗಡಿಯಲ್ಲಿ ಜಾಗವಿಲ್ಲವೆಂದು ನಡುಗೋಡೆಗೆ ಒರಗಿಸಿ, ಹಳೆಯ ಹೊದಿಕೆ ಮುಚ್ಚಿ ಇಟ್ಟಿದ್ದರು. ತಿಂಗಳುಗಟ್ಟಲೆ ಅದರ ಮುಂದೆ ಊಟ ಮಾಡಿ, ಅದಕ್ಕೆ ಛತ್ರಿ ಆನಿಸಿ, ಅದರ ಮೇಲೆ ಒದ್ದೆ ಟವೆಲು ಒಣಗಿಸಿ, ಅದನ್ನೂ ಗೋಡೆಯೆಂದೇ ಲೆಕ್ಕ ಹಿಡಿದಿದ್ದರು.

ಹೊದಿಕೆ ಬಿದ್ದ ಕನ್ನಡಿಯಲ್ಲಿ ಮೂವರೂ ಕಾಣಿಸಿದರು: ನೆಲದ ಮೇಲೆ ಸೊಸೆ, ಕಾಫಿ ಲೋಟ ಹಿಡಿದ ಅತ್ತೆ, ಮತ್ತೆ ತಲೆಯ ಮೇಲೆ ರೂಟರ್ ಹೊತ್ತು ನಿಂತ ಗಂಡ.

ಸೊಸೆ ಕನ್ನಡಿಯ ಅಂಚಿನ ಹಿಂದಕ್ಕೆ ಬೆರಳು ತೂರಿಸಿ ನೋಡಿದಳು.

"ರೀ" ಎಂದಳು ಸೊಸೆ. "ಕನ್ನಡಿಯ ಬೆನ್ನಿಗೆ ಏನು ಬಳೀತಾರೆ?"

ಗಂಡ ರೂಟರನ್ನು ತಲೆಯಿಂದ ಇಳಿಸಿದ. "ಬೆಳ್ಳಿ" ಎಂದ. ಆಮೇಲೆ, ತಾನು ಹೇಳಿದ್ದು ತನಗೇ ಆಗ ಕೇಳಿಸಿದಂತೆ, "ಲೋಹ. ಲೋಹ ಸಿಗ್ನಲ್ ದಾಟಿಸಲ್ಲ, ವಾಪಸ್ ಎಸೆಯುತ್ತೆ. ಆರು ಪದರ!"

"ಅಂಗಡೀಲಿ ನೆಟ್ ಭಾರೀ ಚೆನ್ನಾಗಿದೆ ಅಂತ ಬೀಗ್ತಿದ್ರಲ್ಲ. ಒಳಗಿನ ಪಾಲೂ ಅಲ್ಲಿಗೇ ಬರ್ತಿತ್ತು."

"ತಾತನ ಕಾಲದಿಂದ ಕನ್ನಡಿ ಮಾರಿ ತಿಂದ ಮನೆ" ಎಂದರು ಅತ್ತೆ. "ಮನೇಲಿ ಕನ್ನಡಿ ಇದೆ ಅನ್ನೋದೇ ಒಬ್ಬರಿಗೂ ಹೊಳೀಲಿಲ್ಲ. ಹೊರಗೆ ಯಾರಿಗೂ ಹೇಳ್ಬೇಡಿ."

ಕನ್ನಡಿಗಳನ್ನು ಬಲಬದಿಯ ಪಕ್ಕದ ಗೋಡೆಗೆ ಸರಿಸಿದರೆ ದಾರಿ ತೆರವಾಗುತ್ತಿತ್ತು. ನಡೆಯಬೇಕಾದದ್ದು ಐದಾರು ಹೆಜ್ಜೆ ಅಷ್ಟೇ, ಆದರೆ ನಡುವೆ ಊಟದ ಮೇಜಿತ್ತು. ಕನ್ನಡಿ ಹೊರುವುದು ಇಬ್ಬರು ಪಳಗಿದವರ ಕೆಲಸ, ಪಳಗಿದವರು ಅಂದು ರಜೆಯ ಮೇಲಿದ್ದರು. ಗಂಡ ಹೆಂಡತಿಗೆ ದಪ್ಪ ಕೈಗವಸು ಕೊಟ್ಟ, ಚಪ್ಪಲಿ ಬಿಡಿಸಿ ಬೂಟು ಹಾಕಿಸಿದ. ಈ ಅಂಗಡಿಯಲ್ಲಿ ಮೊದಲಿನಿಂದ ನಡೆದುಬಂದ ಕ್ರಮವೊಂದಿತ್ತು: ಗಾಜಿನ ಮುಂದಿನ ತುದಿ ಹಿಡಿದವರು ಹಿಮ್ಮುಖ ನಡೆಯುತ್ತಾರೆ, ಅವರಿಗೆ ದಾರಿ ಕಾಣದು, ಹಿಂದಿನ ತುದಿಯವರು ಕೂಗಿ ಹೇಳಿದಂತೆ ಕಾಲಿಡಬೇಕು. ಎತ್ತು, ನಡೆ, ನಿಲ್ಲು, ಇಳಿಸು. ಕೂಗು ಕೇಳಿದ ಮೇಲೆ ಯಾಕೆ ಎಂದು ಕೇಳುವಂತಿಲ್ಲ.

"ಮದುವೆಯಲ್ಲಿ ಹೇಳಿದ್ದಿದ್ರೆ ಚೆನ್ನಾಗಿತ್ತು, ಯಾಕೆ ಅಂತ ಕೇಳ್ಬಾರದು ಅಂತ" ಎಂದ ಗಂಡ.

"ಕನ್ನಡಿ ಹಿಡ್ಕೊಂಡಿರೋಷ್ಟು ಹೊತ್ತು ಮಾತ್ರ. ಕೂಗಿ."

ಮೊದಲ ಎರಡು ಕನ್ನಡಿಗಳು ಸರಾಗವಾಗಿ ಹೋದವು. ಸದ್ದಿಗೆ ಮಾವ ತಮ್ಮ ಕೋಣೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. ಮೂರನೆಯದನ್ನು ಎತ್ತಿದಾಗ ಗಂಡನ ಕಣ್ಣು ಮೇಜಿನ ಮೂಲೆಯ ಮೇಲಿತ್ತು. ಕನ್ನಡಿಯ ಅಂಚಿಗೂ ಮೂಲೆಗೂ ಒಂದು ಗೇಣು ಅಂತರ. "ನಡೆ, ನಡೆ" ಎನ್ನುತ್ತಿದ್ದ. ಸೊಸೆ ಹಿಂದಕ್ಕೆ ಹೆಜ್ಜೆ ಎತ್ತಿದಳು. ಜಾರಿಬಿದ್ದ ಹೊದಿಕೆಯನ್ನು ಅತ್ತೆ ಮೂಲೆಗೆ ಒದ್ದಿದ್ದರು; ಅದರ ಒಂದು ಸೆರಗು ನುಣುಪು ನೆಲದ ಮೇಲೆ ಅವಳ ಹಿಮ್ಮಡಿಯ ಕೆಳಗೇ ಹರಡಿತ್ತು. ಅವಳಿಗೆ ಅದು ಕಾಣುತ್ತಿರಲಿಲ್ಲ. ಗಂಡನಿಗೆ ಕನ್ನಡಿ ಅಡ್ಡವಾಗಿತ್ತು.

"ನಿಲ್ಲು!"

ಆ ಕೂಗಿಗೆ ಕಪಾಟಿನ ಲೋಟಗಳು ಝಣಗುಟ್ಟಿದವು. ಸೊಸೆ ಎತ್ತಿದ ಕಾಲು ಎತ್ತಿದಂತೆಯೇ ನಿಂತಳು.

"ಎತ್ತು" ಎಂದಿತು ಅದೇ ದನಿ. "ಎಡ... ಎಡ. ನಡೆ."

ಯಾರು ಕೂಗುತ್ತಿದ್ದಾರೆ ಎಂದು ನೋಡುವ ಹಾಗಿರಲಿಲ್ಲ. ಕೈಯಲ್ಲಿ ಒಂದಾಳೆತ್ತರದ ಗಾಜಿತ್ತು. ಅವಳು ಎಡಕ್ಕೆ ಸರಿದಳು, ಬಟ್ಟೆಯ ತುದಿ ತಪ್ಪಿಸಿ ಕಾಲಿಟ್ಟಳು, ಗೋಡೆಯವರೆಗೆ ನಡೆದಳು.

"ಇಳ್ಸು."

ಇಳಿಸಿದರು. ಕನ್ನಡಿ ಗೋಡೆಗೆ ಒರಗಿದ ಮೇಲೆಯೇ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು. ಅತ್ತೆ ಲೋಟ ಮೇಜಿನ ಮೇಲಿಟ್ಟು ಹತ್ತಿರದ ಕುರ್ಚಿಗೆ ಕುಸಿದರು. ಮಾವ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ಕೂಗಿದ್ದು ತಾವೇ ಎಂಬುದು ಅವರಿಗೆ ಇನ್ನೂ ತಲುಪಿರಲಿಲ್ಲ.

ಸೊಸೆಗೆ ಓಡಿಹೋಗಿ ಅವರ ಕೈ ಹಿಡಿಯಬೇಕೆನಿಸಿತು. ಗಂಡ ಕಣ್ಣಲ್ಲೇ ಬೇಡ ಎಂದ. ಅವನು ಕೈಗವಸು ಸರಿಮಾಡಿಕೊಂಡು, ಇದು ದಿನದ ಮಾತೆಂಬಂತೆ, "ಇನ್ನೂ ಮೂರು ಇದೆ ಅಪ್ಪಾ. ನೀವೇ ಕೂಗಿ, ನನಗೆ ಆ ಕಡೆ ಕಾಣಲ್ಲ" ಎಂದ.

ಮಾವ ಉಳಿದ ಮೂರನ್ನೂ ಕೂಗಿ ಸರಿಸಿದರು. ನಾಲ್ಕನೆಯದಕ್ಕೆ "ನಡೆ" ಸಿಗದೆ ಬಾಯಿ ತಡವರಿಸಿತು. ಇಬ್ಬರೂ ಕನ್ನಡಿ ಹೊತ್ತು ಕಾದರು, ತೋಳು ನಡುಗುವವರೆಗೂ ಕಾದರು, ಪದ ಬಂತು. ಆರನೆಯದು ಇಳಿಯುವ ಹೊತ್ತಿಗೆ ಮೈಕಿನ ಹಣೆ ಬೆವತಿತ್ತು.

"ಕಾಫಿ ಕೊಡ್ಲಾ?" ಎಂದು ಕೇಳಿದರು ಅತ್ತೆ.

"ಅದೇ" ಎಂದರು ಮಾವ.

ಒಂದು ಕ್ಷಣ ಎಲ್ಲರ ಮುಖ ಬಾಡಿತು. ಮಾವ ತಾವೇ ಮೊದಲು ನಕ್ಕರು, ಹೊಟ್ಟೆ ಕುಣಿಯುವಂತೆ. "ಕಾಫಿಗೆ ಬಾಯಿ ಬರಲ್ಲ, ಸೊಸೇನ ಗದರಿಸೋಕೆ ಬರುತ್ತೆ" ಎಂದು ಅತ್ತೆ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದರು.

ಸೊಸೆ ರೂಟರನ್ನು ಮತ್ತೆ ಕೋಣೆಯ ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟು ಪ್ಲಗ್ ಚುಚ್ಚಿದಳು. ದೀಪ ಕೆಂಪಾಗಿ ಮಿನುಗಿತು. ಅವಳು ಹಲಗೆಗೆ ಮೂಗು ತಾಗಿಸಿ ನಿಂತಳು. ಮಿನುಗು ನಿಧಾನವಾಯಿತು, ನಿಂತಿತು, ಬಿಳಿಯಾಯಿತು. ಅವಳು ನಂಬದೆ ಒಳಗೆ ಹೋಗಿ ಹಾಸಿಗೆಯ ಬಳಿ ಫೋನು ಹಿಡಿದಳು, ಕಿಟಕಿಯ ಬಳಿ ಹಿಡಿದಳು, ಕದ ಮುಚ್ಚಿ ಹಿಡಿದಳು. ಮೂರೂ ಕಡೆ ಗೆರೆಗಳು ತುಂಬಿದ್ದವು. ಬಂದು ಮಾವನ ಅಂಗಿಯ ತಪ್ಪಿದ ಗುಂಡಿ ಬಿಚ್ಚಿ ಸರಿಯಾಗಿ ಹಾಕಿದಳು.

"ಚಿತ್ರ ನಿಂತ್ರೆ ಅದು ನಿಮ್ಮ ತಪ್ಪಲ್ಲ ಮಾವ. ಹೊರಗೆ ನಾನಿರ್ತೀನಿ. ಕದ ತಟ್ಟಿ, ಸಾಕು."

ನಾಲ್ಕಕ್ಕೆ ಮೇಡಂ ಪರದೆಯ ಮೇಲೆ ಬಂದರು. ಸೊಸೆ ನಮಸ್ಕಾರ ಹೇಳಿ ಹೊರಬಂದು ಕದ ಎಳೆದುಕೊಂಡಳು. ಮೂವರೂ ನಡುಮನೆಯಲ್ಲಿ ಮೇಜಿನ ಸುತ್ತ ಕುಳಿತರು. ಒಳಗಿನ ಪದಗಳು ಕೇಳುತ್ತಿರಲಿಲ್ಲ, ಎರಡು ದನಿಗಳ ಗುಂಯ್‌ಗುಡಿತ ಮಾತ್ರ ಕೇಳುತ್ತಿತ್ತು. ಅತ್ತೆ ಕದದ ಕಡೆ ನೋಡುತ್ತಿದ್ದರು, ಸೊಸೆ ದೀಪದ ಕಡೆ. ಗಂಡ ಎದ್ದು ಫ್ಯಾನಿನ ಸ್ವಿಚ್ಚಿಗೆ ಕೈಯಿಟ್ಟರೆ ಇಬ್ಬರೂ ಒಟ್ಟಿಗೆ "ಏ!" ಎಂದರು. ಅವನು ಸೆಕೆಯಲ್ಲೇ ಕುಳಿತ.

ಒಮ್ಮೆ ಒಳಗೆ ಬಹಳ ಹೊತ್ತು ಮೌನವಾಯಿತು. ಸೊಸೆ ಅರ್ಧ ಎದ್ದಳು. ದೀಪ ಬಿಳಿಯಾಗಿಯೇ ಇತ್ತು. ಕೆಟ್ಟದ್ದು ನೆಟ್ ಅಲ್ಲ, ಮಾವ ಪದ ಹುಡುಕುತ್ತಿದ್ದಾರೆ, ಮೇಡಂ ಕಾಯುತ್ತಿದ್ದಾರೆ, ಅಷ್ಟೇ. ಅವಳು ಮತ್ತೆ ಕುಳಿತಳು. ಭುಜಗಳು ತಾವಾಗಿ ಇಳಿದವು. ಕನ್ನಡಿ ಹೊತ್ತ ತೋಳುಗಳು ಆಗ ನೋಯತೊಡಗಿದವು, ಆ ನೋವೂ ಹಿತವಾಗಿತ್ತು.

ಮುಕ್ಕಾಲು ಗಂಟೆಯ ಮೇಲೆ ಕದ ತೆರೆಯಿತು. ಮಾವ ಸುಸ್ತಾಗಿದ್ದರು, ಮುಖ ಮಾತ್ರ ಗೆಲುವಾಗಿತ್ತು. ಎಡಗೈಯಿಂದ ಸೊಸೆಯನ್ನು ಒಳಗೆ ಕರೆದರು.

"ಚಮಚ ಬರಲಿಲ್ಲ, ಬಟ್ಟಲೂ ಬರಲಿಲ್ಲ" ಎಂದರು ಮೇಡಂ ಪರದೆಯೊಳಗಿಂದ. "ಅದಿರಲಿ. ಇವತ್ತು ಏನು ಮಾಡಿದ್ರಿ ಅಂತ ಕೇಳಿದೆ. ಎತ್ತು, ನಿಲ್ಲು, ಇಳ್ಸು ಅಂತ ಜೋರಾಗಿ ಹೇಳಿದ್ರು. ಹೋದ ಸಲ ಒಂದು ಪದಾನೂ ಇರ್ಲಿಲ್ಲ. ಏನಿದು?"

ಸೊಸೆ ನಡೆದದ್ದನ್ನು ಹೇಳಿದಳು. ಕನ್ನಡಿಗಳ ಸಂಗತಿ ಬಂದಾಗ ಮೇಡಂ ತಡೆಯಲಾಗದೆ ನಕ್ಕರು. ಮಾವನೂ ನಕ್ಕರು.

"ಹಾಗಿದ್ರೆ ಚಮಚ ಬಿಡೋಣ. ಕೆಲಸದ ಪದಗಳು ಇನ್ನೂ ಒಳಗಿವೆ, ಅಲ್ಲಿಂದಲೇ ಶುರುಮಾಡೋಣ. ಅಂಗಡಿಯ ಸಾಮಾನುಗಳ ಫೋಟೋ ಕಳಿಸಿ. ಎಲ್ಲ ಪದ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಪಾಠ ಮುಂದುವರಿಸೋಣ ಅಂತ ಮಾತ್ರ ಹೇಳ್ತೀನಿ. ಈ ವೇಳೆ ನಿಮಗೇ ಇರಲಿ."

ಸೊಸೆ ಅಂದು ಸಂಜೆ ಗಾಜು ಕೊಯ್ಯುವ ಕತ್ತಿ, ಅಳತೆಪಟ್ಟಿ, ಸುತ್ತಿಗೆ, ಫ್ರೇಮಿನ ಮೂಲೆಗಳ ಫೋಟೋ ತೆಗೆದು ಮೇಡಂಗೆ ಕಳಿಸಿದಳು. ಮುಂದಿನ ವಾರದ ಪಾಠ ಕೆಲಸದ ದಿನ ಬಂತು. ಮುಂದಿನ ಅಂಗಡಿಯಲ್ಲಿ ಯಂತ್ರ ಓಡುತ್ತಿತ್ತು, ಗಿರಾಕಿಗಳಿದ್ದರು. ಮಾವ ಹಿಂದಿನ ಕೋಣೆಯ ಕದ ಹಾಕಿಕೊಂಡು ಒಂದು ಗಂಟೆ ಕುಳಿತರು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ.